ಸೂಜಿ ಬಿದ್ದರೂ ಕೇಳುವ ಮೈಕು

ಅಪ್ಪನ ಮುಂದಿನ ನಾಲ್ಕು ಹಲ್ಲು ಕೀಳಬೇಕು ಅಂತ ಡಾಕ್ಟರು ಹೇಳಿದ ದಿನವೇ ನಾನು ಮೈಕು ಹುಡುಕಲು ಶುರುಮಾಡಿದೆ. ಹಲ್ಲಿಗೂ ಮೈಕಿಗೂ ಏನು ಸಂಬಂಧ ಅಂತ ನಮ್ಮ ಮನೆಯವರು ಕೇಳಿದರು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಓಲಗದವನ ಮನೆಯ ಅಳಿಯನಿಗೆ ಇಷ್ಟು ಗೊತ್ತಿಲ್ಲವಲ್ಲ ಅಂತ ರೇಗಿತು. ಅಪ್ಪ ನಾದಸ್ವರದವನು. ವಾದ್ಯದ ತುದಿಯ ಪುಟ್ಟ ಪೀಪಿಯನ್ನು ತುಟಿ ಬಿಗಿಯಾಗಿ ಹಿಡಿಯಬೇಕಾದರೆ ಹಿಂದೆ ಹಲ್ಲಿನ ಆಸರೆ ಬೇಕು. ಹಲ್ಲು ಹೋದರೆ ಗಾಳಿ ಸೋರುತ್ತದೆ, ಸ್ವರ ನಿಲ್ಲುವುದಿಲ್ಲ. ಕಟ್ಟಿಸಿಕೊಂಡ ಹಲ್ಲು ನಗುವುದಕ್ಕಾಗುತ್ತದೆ, ಊದುವುದಕ್ಕಾಗುವುದಿಲ್ಲ ಅಂತ ಅಪ್ಪನೇ ಹೇಳಿದ. ಡಾಕ್ಟರು ಎರಡು ವಾರ ಬಿಟ್ಟು ಒಂದು ಸೋಮವಾರ ಬರಹೇಳಿದ್ದರು. ನನಗಿದ್ದದ್ದು ಆ ಎರಡು ವಾರ ಮಾತ್ರ.

ಯಶವಂತಪುರ, ಹೆಬ್ಬಾಳ, ಯಲಹಂಕದ ಛತ್ರಗಳಲ್ಲಿ ಅಪ್ಪನ ಓಲಗದಲ್ಲಿ ತಾಳಿ ಕಟ್ಟಿಸಿಕೊಂಡವರು ಎಷ್ಟು ಜನವೋ. ಆದರೆ ಅವನ ಒಂದು ಸ್ವರವೂ ನಮ್ಮ ಬಳಿ ಇರಲಿಲ್ಲ. ಹಳೇ ಮದುವೆ ವಿಡಿಯೋಗಳಲ್ಲಿ ಸಿಗಬಹುದೆಂದು ಇಬ್ಬರು ನೆಂಟರ ಮನೆಗೆ ಹೋಗಿ ನೋಡಿದೆ. ವಿಡಿಯೋದವರು ಓಲಗದ ಸದ್ದು ತೆಗೆದು ಸಿನಿಮಾ ಹಾಡು ಹಾಕಿಬಿಟ್ಟಿದ್ದರು. ಅಪ್ಪ ಕೆನ್ನೆ ಉಬ್ಬಿಸಿ ಊದುತ್ತಿದ್ದಾನೆ, ಯಾರೋ ನಾಯಕಿ ಹಾಡುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. ಕೊಟ್ಟ ಕಾಫಿ ಮುಗಿಸದೆ ಎದ್ದು ಬಂದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮೈಕು ಕೊಂಡು ನೋಡು ಅಂತಲೂ ಸೇರಿಸಬೇಕು. ವಿದ್ಯಾರಣ್ಯಪುರದ ನಮ್ಮ ಮನೆಯ ಸೋಫಾದ ಮೇಲೆ ಕೂತು ನಾಲ್ಕು ದಿನ ಯೂಟ್ಯೂಬ್ ನೋಡಿದೆ. ನೇರಳೆ ಬಣ್ಣದ ಲೈಟು ಹಾಕಿಕೊಂಡ ಹುಡುಗರು ಒಂದೊಂದೇ ಮೈಕಿನ ಮುಂದೆ ಬಾಯಿಟ್ಟು ಪಿಸುಗುಟ್ಟುತ್ತಾರೆ. ಕೊನೆಗೆ ಯಾವುದು ಕೊಳ್ಳಬೇಕು ಅಂದರೆ ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಡುವವರೇ. ನನಗೆ ತಿಳಿದದ್ದು ಇಷ್ಟು. ವೇದಿಕೆಯ ಮೇಲೆ ಕೈಯಲ್ಲಿ ಹಿಡಿಯುವ ಮೈಕು ಒರಟು ಜಾತಿಯದು, ಹತ್ತಿರದ್ದನ್ನು ಮಾತ್ರ ಕೇಳುತ್ತದೆ. ಕಂಡೆನ್ಸರ್ ಅನ್ನುವುದು ಸೂಕ್ಷ್ಮ, ಕೋಣೆಯಲ್ಲಿರುವುದನ್ನೆಲ್ಲ ಕೇಳುತ್ತದೆ. ಕೆಲವಕ್ಕೆ ಬೇರೆ ಡಬ್ಬಿ ಕೊಂಡು ಕರೆಂಟು ಕೊಡಬೇಕು, ಕೆಲವನ್ನು ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಬಹುದು. ಡಬ್ಬಿ ಬೇಡದ, ನಮ್ಮ ಕೈಗೆಟಕುವ ಒಂದನ್ನು ಆರಿಸಿದೆ. ಅದನ್ನು ಹೊಗಳಿದ ಹುಡುಗ, ಸೂಜಿ ಬಿದ್ದರೂ ಇದಕ್ಕೆ ಕೇಳುತ್ತೆ ಅಂದಿದ್ದ. ನಾನು ಮರುಳಾದದ್ದು ಆ ಮಾತಿಗೆ. ಅಪ್ಪ ನುಡಿಸುವುದು ಸೂಜಿಯಲ್ಲ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಅಮೃತಹಳ್ಳಿಯ ಹಳೇ ಊರಿನ ಓಣಿಯಲ್ಲಿ ಅಪ್ಪನ ಮನೆ. ಕೆಳಗೆ ಚಿಕ್ಕಪ್ಪನ ಸಂಸಾರ, ಮೇಲೆ ಅಪ್ಪ. ಚಿಕ್ಕಪ್ಪ ಡೋಲು ಬಾರಿಸುವವನು. ಅಣ್ಣತಮ್ಮಂದಿರು ಜೀವಮಾನವಿಡೀ ಜೊತೆಗೇ ನುಡಿಸಿದವರು. ಪಾರ್ಸೆಲ್ಲು ಬಂದ ಮಾರನೇ ದಿನವೇ ಅಪ್ಪನ ಕೋಣೆಯ ಕಿಟಕಿಗಳಿಗೆ ರಜಾಯಿ ಕಟ್ಟಿ, ಫ್ಯಾನು ಆರಿಸಿ, ಮೈಕನ್ನು ಅಪ್ಪನ ಮುಂದಿಟ್ಟೆವು. ಅಪ್ಪ ಒಂದು ಉಸಿರು ಎಳೆದು ಊದಿದ. ಲ್ಯಾಪ್‌ಟಾಪಿನ ಪರದೆಯ ಗೆರೆಯೆಲ್ಲ ಕೆಂಪಾಯಿತು, ಮತ್ತೆ ಇಳಿಯಲೇ ಇಲ್ಲ. ತಿರುಗಿ ಹಾಕಿ ಕೇಳಿದರೆ ತಗಡು ಹರಿದ ಹಾಗಿತ್ತು. ಗುಂಡಿ ತಿರುಗಿಸಿ ಸದ್ದು ಎಷ್ಟು ತಗ್ಗಿಸಿದರೂ ಅಷ್ಟೇ. ಸೆಖೆಗೆ ಬೆವರಿ ಚಿಕ್ಕಪ್ಪನೂ ಸೇರಿ ನಾವು ನಾಲ್ವರೂ ತೊಪ್ಪೆಯಾಗಿದ್ದೆವು.

ವಾಪಸು ಕಳಿಸಲು ಇನ್ನೂ ಆರು ದಿನ ಇದೆ, ಒರಟು ಜಾತಿಯದನ್ನೇ ತರಿಸೋಣ ಅಂದರು ನಮ್ಮ ಮನೆಯವರು. ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಹಟ ಬಂತು. ಅಷ್ಟರಲ್ಲಿ ಅಪ್ಪ ಪೀಪಿ ಒರೆಸಿಕೊಳ್ಳುತ್ತ, "ದೂರ ಮಡಗು ಕಣವ್ವಾ ಅದನ್ನ. ಓಲಗ ಕೇಳೋರು ಯಾವತ್ತು ಅತ್ರ ಕುಂತಿದ್ರು?" ಅಂದ.

ನಿಜವೇ. ಓಲಗದವರ ಜಾಗ ಯಾವಾಗಲೂ ಮಂಟಪದಿಂದ ಆಚೆ, ಚಪ್ಪಲಿ ಬಿಡುವ ಬಾಗಿಲ ಹತ್ತಿರ. ಚಿಕ್ಕಂದಿನಲ್ಲಿ ರಜಾ ದಿನ ನಾನೂ ಹೋಗುತ್ತಿದ್ದೆ. ಡೋಲಿನ ಚೀಲ ತಲೆಗಿಟ್ಟುಕೊಂಡು ಜಮಖಾನದ ಮೇಲೆ ಮಲಗುತ್ತಿದ್ದೆ. ನಮಗೆ ಊಟ ಕೊನೇ ಪಂಕ್ತಿಯಲ್ಲಿ. ಅಷ್ಟು ಹೊತ್ತಿಗೆ ಹೋಳಿಗೆ ಮುಗಿದು ಬರೀ ಪಾಯಸ ಉಳಿದಿರುತ್ತಿತ್ತು. ಬೇಜಾರೇನೂ ಇರಲಿಲ್ಲ, ಯಾಕೆಂದರೆ ನನಗೊಂದು ಕೆಲಸವಿತ್ತು. ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಬೆರಳೆತ್ತಿ ಗಟ್ಟಿಮೇಳ ಅನ್ನುತ್ತಾರೆ. ಆ ಕ್ಷಣಕ್ಕೆ ನಾದಸ್ವರ, ಡೋಲು ಎರಡೂ ಜೋರಾಗಿ ಏಳಬೇಕು. ಒಂಟಿ ಸೀನೋ, ಅಪಶಕುನದ ಮಾತೋ ಹೆಣ್ಣುಗಂಡಿನ ಕಿವಿಗೆ ಬೀಳಬಾರದು ಅಂತ ಆ ಗದ್ದಲ. ಗದ್ದಲದ ಛತ್ರದಲ್ಲಿ ಆ ಬೆರಳು ಬಾಗಿಲಿನವರೆಗೆ ಕಾಣುವುದೆಲ್ಲಿ? ಜನರ ಕಾಲುಗಳ ಸಂದಿಯಿಂದ ಅದನ್ನೇ ನೋಡುತ್ತಿದ್ದು, ಎದ್ದ ಕೂಡಲೇ ಅಪ್ಪನ ಪಂಚೆ ಜಗ್ಗುವುದು ನನ್ನ ಕೆಲಸ. ಒಂದು ಸಲವೂ ತಪ್ಪಿದ್ದಿಲ್ಲ. ಮನೆಗೆ ಹೋಗುವಾಗ ಅಪ್ಪ ನನಗೆ ಒಂದು ಬಾದಾಮಿ ಹಾಲು ಕೊಡಿಸುತ್ತಿದ್ದ.

ಆಮೇಲೆ ನನ್ನ ಮದುವೆ ಬಂತು. ಹೆಣ್ಣಿನ ತಂದೆ ಧಾರೆ ಎರೆಯಬೇಕು, ಓಲಗಕ್ಕೆ ಕೂರುವಂತಿಲ್ಲ. ಚಿಕ್ಕಪ್ಪನೂ ಬೀಗರ ಉಪಚಾರಕ್ಕೆ ನಿಂತ. ಬೇರೆ ಕಡೆಯ ಓಲಗದವರನ್ನು ಕರೆಸಿದ್ದರು. ಪುರೋಹಿತರು ಬೆರಳೆತ್ತಿದರು. ಬೆರಳು ನೋಡಬೇಕಾದವಳು ಹಸೆಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಅವರು ಎರಡನೇ ಸಲ ಕೂಗಿದರು. ಓಲಗದವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರಂತೆ. ತಾಳಿ ನನ್ನ ಕೊರಳಿಗೆ ಬಿದ್ದ ಆ ನಿಶ್ಶಬ್ದದಲ್ಲಿ ಗಂಡಿನ ಕಡೆಯ ಯಾರೋ ಹಿರಿಯರು ಒಂದೇ ಒಂದು ಸಲ, ಛತ್ರವೇ ನಡುಗುವ ಹಾಗೆ ಸೀನಿದರು. ಮೂರನೇ ಕೂಗಿಗೆ ಗಟ್ಟಿಮೇಳ ಎದ್ದಿತು. ಹಿಂದಿನಿಂದ ಯಾರೋ, ಓಲಗದವನ ಮಗಳಿಗೇ ಓಲಗ ಕೈಕೊಟ್ಟಿತಲ್ಲ ಅಂದದ್ದು ಕೇಳಿಸಿತು. ಅಪ್ಪ ಅವತ್ತು ಊಟಕ್ಕೆ ಕೂರಲಿಲ್ಲ.

ಆ ಸೀನನ್ನು ನಾನು ಚೆನ್ನಾಗಿಯೇ ದುಡಿಸಿಕೊಂಡಿದ್ದೇನೆ. ಮನೆಯವರ ಜೊತೆ ಜಗಳವಾದಾಗಲೆಲ್ಲ, ನಿಮ್ಮ ಕಡೆಯವರು ಅವತ್ತು ಸೀನಿದ್ದರ ಫಲ ಇದು ಅಂತ ಶುರುಮಾಡುತ್ತೇನೆ. ಅವರೂ ಈಗ ಒಗ್ಗಿಕೊಂಡಿದ್ದಾರೆ. ಆದರೆ ಒಂದು ಸಂಗತಿಯನ್ನು ಅವರಿಗೂ ಹೇಳಿರಲಿಲ್ಲ. ತಾಳಿ ಕಟ್ಟುವಾಗ ಅಪ್ಪ ಹಿಂದೆ ನಿಂತು ನನ್ನ ಭುಜದ ಮೇಲೆ ಕೈ ಇಟ್ಟಿದ್ದ. ಓಲಗ ಏಳದೆ ಇದ್ದ ಅಷ್ಟು ಹೊತ್ತೂ ಅವನ ಬೆರಳುಗಳು ಭುಜವನ್ನು ಒಂದೊಂದಾಗಿ ಒತ್ತುತ್ತಿದ್ದವು, ನಾದಸ್ವರದ ರಂಧ್ರಗಳನ್ನು ಒತ್ತುವ ಹಾಗೆ, ಬಹಳ ಬೇಗ ಬೇಗ. ಅಪ್ಪನಿಗೆ ಅದು ಗೊತ್ತಿತ್ತೋ ಇಲ್ಲವೋ. ನಾನು ಅತ್ತದ್ದು ಅದಕ್ಕೆ. ಜನ ತವರು ಬಿಡುವ ದುಃಖ ಅಂದುಕೊಂಡರು.

ಭಾನುವಾರ ಬೆಳಿಗ್ಗೆ ಮೈಕನ್ನು ಟೆರೇಸಿಗೆ ಸಾಗಿಸಿದೆವು. ಮಾರನೇ ದಿನ ಹಲ್ಲಿನ ಡಾಕ್ಟರು. ಅಪ್ಪನೂ ಚಿಕ್ಕಪ್ಪನೂ ನೀರಿನ ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿ ಕೂತರು. ಮೈಕು ಟೆರೇಸಿನ ಇನ್ನೊಂದು ತುದಿಗೆ, ಪಕ್ಕದ ಕಟ್ಟಡದ ಕಿಟಕಿಗೆ ತಾಗುವ ಪ್ಯಾರಾಪೆಟ್ಟಿನ ಮೇಲೆ. ಅಪ್ಪ ಊದಿದ. ಈ ಸಲ ಗೆರೆ ಹಸಿರಾಗಿಯೇ ಏರಿ ಇಳಿಯಿತು. ಹೆಡ್‌ಫೋನಿನಲ್ಲಿ ಕೇಳಿದರೆ ಅಪ್ಪನ ಮೋಹನ ರಾಗ, ಅದರ ಜೊತೆಗೆ ಜಕ್ಕೂರಿನ ವಿಮಾನ ಶಾಲೆಯ ಪುಟ್ಟ ವಿಮಾನ, ಯಾರದೋ ಮನೆಯ ಕುಕ್ಕರು, ಪಾರಿವಾಳ. ಛತ್ರದ ಬಾಗಿಲಲ್ಲಿ ಮಲಗಿ ಕೇಳುತ್ತಿದ್ದದ್ದು ಹೀಗೇ ಅಲ್ಲವೇ ಅನ್ನಿಸಿತು. ಒಂದು ಗಂಟೆ ನುಡಿಸಿದರು. ನಡುನಡುವೆ ಅಪ್ಪ ದವಡೆ ಹಿಡಿದುಕೊಳ್ಳುತ್ತಿದ್ದ. ನಿಲ್ಲಿಸೋಣವಾ ಅಂತ ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದ.

ಕೊನೆಗೆ ಗಟ್ಟಿಮೇಳ ಒಂದು ಆಗಲಿ ಅಂದೆ. ಅಪ್ಪ ವಾದ್ಯ ಕೆಳಗಿಟ್ಟ. ಚಿಕ್ಕಪ್ಪನೂ ಕೋಲು ಕೆಳಗಿಟ್ಟ. ಮದುವೆಯಿಲ್ಲದೆ ಗಟ್ಟಿಮೇಳ ಬಾರಿಸುವ ಪದ್ಧತಿ ಇಲ್ಲವಂತೆ. ಅಭ್ಯಾಸಕ್ಕೂ ಮನೆಯಲ್ಲಿ ಅವರಪ್ಪ ಬಿಟ್ಟಿರಲಿಲ್ಲವಂತೆ. ನಾನು ಬೇಡಿಕೊಂಡೆ, ರೇಗಿದೆ, ನಾಳೆಯಿಂದ ಆಗುವುದಿಲ್ಲ ಅಂತಲೂ ಹೇಳಿಬಿಟ್ಟೆ. ಹೇಳಿ ನಾಲಿಗೆ ಕಚ್ಚಿಕೊಂಡೆ.

"ಯಾರ್ ಮದ್ವೆಗೆ ಬಾರಿಸಾನ ಯೋಳು," ಅಂದ ಅಪ್ಪ.

"ನನ್ ಮದ್ವೆಗೆ," ಅಂದೆ. "ಬೇರೆಯವರು ಬಾರಿಸಿದ್ದು ಬಂದಿದ್ದೇ ತಡವಾಗಿ. ನಿಂದು ಇನ್ನೂ ಬಂದಿಲ್ಲ. ನಿನ್ನ ಬೆರಳು ನನ್ನ ಭುಜದ ಮೇಲೆ ಬಾರಿಸಿದ್ದು ನನಗೆ ಗೊತ್ತು ಅಪ್ಪ."

ಅಪ್ಪ ವಾದ್ಯವನ್ನು ಮತ್ತೆ ಕೈಗೆತ್ತಿಕೊಂಡ. ಪೀಪಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡ. ನಾನು ಹೋಗಿ ಅವನ ಪಕ್ಕ ಚಾಪೆಯ ಮೇಲೆ ಕೂತೆ. ಲ್ಯಾಪ್‌ಟಾಪಿಗೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದು ನಿಂತಿದ್ದ ನಮ್ಮ ಮನೆಯವರು ಕೊಡೆಯನ್ನು ಎಡಗೈಗೆ ಬದಲಾಯಿಸಿಕೊಂಡರು. ಯಾರೂ ಹೇಳಿಕೊಡಲಿಲ್ಲ. ಬಲಗೈ ಬೆರಳೆತ್ತಿ, ನಾಚಿಕೊಂಡೇ, "ಗಟ್ಟಿಮೇಳ, ಗಟ್ಟಿಮೇಳ," ಅಂದರು.

ನಾನು ಅಪ್ಪನ ಪಂಚೆ ಜಗ್ಗಿದೆ.

ಅದು ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ಗೆರೆ ಕೆಂಪಿಗೆ ಹೋಯಿತು ಅಂತ ಮನೆಯವರು ಆಮೇಲೆ ಹೇಳಿದರು. ಮುಗಿದ ಮೇಲೆ ಕಾಫಿ ಮಾಡುವ ನೆಪದಲ್ಲಿ ಕೆಳಗಿಳಿದು ಬಂದು, ಅಪ್ಪನ ಅಡುಗೆಮನೆಯಲ್ಲಿ ನಿಂತು ಅತ್ತೆ. ಲೋಟ ಹೊರಲು ಬಂದವರಂತೆ ಅವರೂ ಹಿಂದೆಯೇ ಬಂದರು. ಮೈಕನ್ನು ಆರಿಸುವುದು ಇಬ್ಬರಿಗೂ ಮರೆತುಹೋಯಿತು.

ಸಂಜೆ ನಾವು ಹೊರಡುವಾಗ ಅಪ್ಪ ಒಂದು ಪೊಟ್ಟಣ ಕೈಗಿಟ್ಟ. ಪಕ್ಕದ ಕಟ್ಟಡಕ್ಕೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಕೊಟ್ಟಳಂತೆ, ಅವಳಿಗೆ ಆರ್.ಟಿ. ನಗರದಲ್ಲಿ ಬಳೆ ಅಂಗಡಿಯಂತೆ. ಒಳಗೆ ಒಂದು ಡಜನ್ ಹಸಿರು ಗಾಜಿನ ಬಳೆ, ಒಂದು ಹಿಡಿ ಸಕ್ಕರೆ. ಯಾಕೆ ಅಂತ ಕೇಳಿದೆ. ಒಳ್ಳೇ ಹೆಂಗಸು, ಇಟ್ಟುಕೋ ಅಂದ. ಬಳೆ ನನ್ನ ಅಳತೆಗೆ ಚಿಕ್ಕವು ಅಂತ ಬೀರುವಿನಲ್ಲಿಟ್ಟೆ.

ಸೋಮವಾರ ಹಲ್ಲು ಕಿತ್ತರು. ಅಪ್ಪ ವಾದ್ಯವನ್ನು ಎಣ್ಣೆ ಹಚ್ಚಿ, ಹಳೇ ರೇಷ್ಮೆ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ನಾನು ಒಂದು ವಾರ ಆ ರೆಕಾರ್ಡಿಂಗ್ ಮುಟ್ಟಲಿಲ್ಲ, ಧೈರ್ಯ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಕೂತು ಹೆಡ್‌ಫೋನ್ ಹಾಕಿಕೊಂಡೆ. ಗಟ್ಟಿಮೇಳದ ಮೊದಲ ಏಟು ಒಡೆದಿದೆ, ಉಳಿದದ್ದು ಚೆನ್ನಾಗಿದೆ. ಮುಗಿದ ಮೇಲೆ ನನ್ನ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುತ್ತದೆ. ಅದರ ಹಿಂದೆ ಇನ್ನೊಂದು ಜೊತೆ ಚಪ್ಪಲಿ. ಸ್ವಲ್ಪ ಹೊತ್ತು ಬರೀ ಪಾರಿವಾಳ. ನಿಲ್ಲಿಸಲು ಕೈ ಚಾಚಿದ್ದೆ. ಮೈಕಿನ ಪಕ್ಕದಲ್ಲೇ ಕಿಟಕಿಯೊಂದು ತೆರೆದುಕೊಂಡಿತು.

"ಏನ್ ಚೆನ್ನಾಗಿ ಬಾರಿಸ್ತೀರಿ ಚಾಚಾ. ಶಾದಿ ಯಾರ್ದು?"

ಅಪ್ಪ ನಿಧಾನವಾಗಿ ಪ್ಯಾರಾಪೆಟ್ಟಿನ ಹತ್ತಿರ ಬರುವುದು ಕೇಳುತ್ತದೆ. ಅವನ ಏದುಸಿರೂ ಕೇಳುತ್ತದೆ. ಹಿಂದೆ ಚಿಕ್ಕಪ್ಪ ಮೆಲ್ಲಗೆ ನಗುತ್ತಾನೆ.

"ನನ್ ಮಗಳ್ದು ಕಣವ್ವಾ," ಅಂತಾನೆ ಅಪ್ಪ. "ಈಗ್ತಾನೆ ಆಯ್ತು."

ಎದ್ದು ಹೋಗಿ ಬೀರುವಿನಿಂದ ಬಳೆ ತೆಗೆದೆ. ಕೈಗೆ ಸೋಪು ಹಚ್ಚಿಕೊಂಡು, ಒಂದೂ ಒಡೆಯದ ಹಾಗೆ, ಹನ್ನೆರಡನ್ನೂ ಏರಿಸಿಕೊಂಡೆ.