ನೆಟ್ಟಗಾದ ಅಲೆಗಳು

ರಾಜಮ್ಮ, ನಿಮ್ಮಪ್ಪನ ಅಲೆನಕ್ಷೆಯನ್ನು ಹಾಳು ಮಾಡಿದವನು ನಾನು. ತಗಡಿನ ಸೂರಿನ ಕಾವಲ್ಲ, ಗೋಡೆಯ ತೇವವಲ್ಲ, ನಿಮ್ಮಪ್ಪನ ಅಲಕ್ಷ್ಯವಂತೂ ಅಲ್ಲವೇ ಅಲ್ಲ — ನಾನು. ಹಾಳಾಯಿತೆಂದು ತಿಳಿದ ಮೇಲೆ ಅವರೆದುರೇ ಕುಳಿತು ಸುಳ್ಳು ಓದಿ ಹೇಳಿದವನೂ ನಾನೇ.

ನನ್ನ ಕೈಯ ಬಗ್ಗೆ ನನಗೆಷ್ಟು ಜಂಬವಿತ್ತು ಎಂದು ಹೇಳದಿದ್ದರೆ ನಿನಗೆ ಇದು ಅರ್ಥವಾಗುವುದಿಲ್ಲ. ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಚಿನ್ನದ ಗಣಿಯ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಸಾವಿರಾರು ಅಡಿ ಕೆಳಗೆ ಸುರಂಗ ಎಲ್ಲಿ ಶುರು, ಎಲ್ಲಿ ಕೊನೆ — ನನ್ನ ಗೆರೆ ನೋಡಿಕೊಂಡೇ ಜನ ಬಂಡೆ ಸಿಡಿಸುತ್ತಿದ್ದರು. ಗೆರೆ ಕೂದಲೆಳೆಯಷ್ಟು ಓರೆಯಾದರೂ ಯಾರದೋ ತಲೆಯ ಮೇಲೆ ಕಲ್ಲು. ಇವತ್ತಿಗೂ ಹೇಳುತ್ತೇನೆ, ಆ ಆಫೀಸಿನಲ್ಲಿ ನನ್ನಷ್ಟು ನೆಟ್ಟಗೆ ಗೆರೆ ಎಳೆಯುವವನು ಇನ್ನೊಬ್ಬನಿರಲಿಲ್ಲ.

ನಿಮ್ಮಪ್ಪ ಮುನಿಸ್ವಾಮಣ್ಣ ಅದೇ ಗಣಿಯಲ್ಲಿ ಮರಗೆಲಸದ ಮೇಸ್ತ್ರಿ. ಎರಡನೇ ಮಹಾಯುದ್ಧಕ್ಕೆ ಮೊದಲು ಯಾರೋ ಬಿಳಿ ದೊರೆಯ ಜೊತೆ ಹಡಗು ಹತ್ತಿ, ಪೆಸಿಫಿಕ್ ಸಾಗರದ ನಟ್ಟನಡುವೆ, ಮೈಕ್ರೊನೇಷ್ಯಾದ ಒಂದು ದ್ವೀಪದ ಫಾಸ್ಫೇಟ್ ಗಣಿಗೆ ಹೋಗಿ ಕೆಲವು ವರ್ಷ ದುಡಿದು ಬಂದವರು. ಬರುವಾಗ ತಂದದ್ದು ಅದೊಂದೇ — ತೆಂಗಿನ ಗರಿಯ ಕಡ್ಡಿಗಳನ್ನು ಅಡ್ಡಡ್ಡ ಉದ್ದುದ್ದ ಕಟ್ಟಿ, ಅಲ್ಲಲ್ಲಿ ಪುಟ್ಟ ಕವಡೆ ಸಿಕ್ಕಿಸಿದ ಒಂದು ಚೌಕಟ್ಟು. ಮಾರ್ಷಲ್ ದ್ವೀಪಗಳಿಂದ ಬಂದಿದ್ದ ಒಬ್ಬ ಮುದಿ ಅಂಬಿಗ ಕೊಟ್ಟದ್ದು. ಹುಡುಗರಿಗೆಲ್ಲ ಈಗ ಮೋಟರ್ ದೋಣಿಯೇ ಬೇಕು, ಈ ಅಲೆನಕ್ಷೆ ಕಲಿಯುವವರಿಲ್ಲ, ನನ್ನ ಮನೆಯವರು ಯಾವತ್ತಾದರೂ ಕೇಳಿದರೆ ಕೊಡು ಎಂದು ಒಪ್ಪಿಸಿದ್ದನಂತೆ. ಕವಡೆ ಅಂದರೆ ದ್ವೀಪ, ಕಡ್ಡಿ ಅಂದರೆ ಅಲೆ. ಆಂಡರ್ಸನ್‌ಪೇಟೆಯ ನಿಮ್ಮ ಮನೆ ಗೋಡೆಯ ಮೇಲೆ ಅದು ಇಪ್ಪತ್ತು ವರ್ಷ ತೂಗಿತು. ಬಂದವರಿಗೆಲ್ಲ ಮುನಿಸ್ವಾಮಣ್ಣ ಎದೆ ಉಬ್ಬಿಸಿ ತೋರಿಸುವರು: "ನಮ್ಮನೆ ಗ್ವಾಡೆ ಮ್ಯಾಲೆ ಒಂದು ದೇಸದ ಇದ್ಯೆ ಕುಂತೈತೆ ಕಣ್ಲಾ."

ಕೊನೆಗೂ ಕಾಗದ ಬಂತು. ಆ ಅಂಬಿಗನ ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆದಿದ್ದಳು. ತಾತ ತೀರಿಕೊಂಡರು, ಅಂಥದ್ದನ್ನು ಕಟ್ಟಬಲ್ಲವರು ನಮ್ಮ ಕಡೆ ಯಾರೂ ಉಳಿದಿಲ್ಲ, ಮಕ್ಕಳಿಗೆ ಕಲಿಸಬೇಕೆಂದಿದ್ದೇನೆ, ದಯವಿಟ್ಟು ಕಳಿಸಿಕೊಡಿ ಎಂದು. ನಾನೇ ಓದಿ ಹೇಳಿದೆ. ಮುನಿಸ್ವಾಮಣ್ಣ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬೀದಿಯೆಲ್ಲ ಸುತ್ತಿ ಬಂದರು. ಆಗಲೇ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಗಂಟುಗಳು ಲಡ್ಡಾಗಿ ಬಿಚ್ಚಿಕೊಂಡಿವೆ, ಅಷ್ಟು ಕಟ್ಟಿಕೊಡು ಸಾಕು ಎಂದು ನನ್ನ ಕೈಗೆ ಕೊಟ್ಟರು.

ಅಷ್ಟು ಸಾಕು ಎಂದಿದ್ದರು, ರಾಜಮ್ಮ. ಆದರೆ ನಾನು — ನಕ್ಷೆ ಅಂದಮೇಲೆ ಗೆರೆ ನೆಟ್ಟಗಿರಬೇಡವೇ? ಕಡ್ಡಿಗಳೆಲ್ಲ ಬಿಲ್ಲಿನಂತೆ ಬಾಗಿದ್ದವು. ಕಾವಿಗೆ ಸೊಟ್ಟಗಾಗಿವೆ ಅಂದುಕೊಂಡೆ. ಸಮುದ್ರವನ್ನು ಕಣ್ಣಲ್ಲಿ ಕಂಡವನಲ್ಲ ನಾನು, ಕೇಳೋಣ ಎನ್ನುವ ಬುದ್ಧಿಯೂ ಬರಲಿಲ್ಲ. ಕಡ್ಡಿಗಳನ್ನು ಹಬೆಗೆ ಹಿಡಿದು ಮೆತ್ತಗೆ ಮಾಡಿ, ಎರಡು ಹಲಗೆಯ ನಡುವೆ ಒತ್ತಿಟ್ಟು, ಉಕ್ಕಿನ ಸ್ಕೇಲ್ ಹಿಡಿದು ಒಂದೊಂದನ್ನೂ ನೆಟ್ಟಗೆ ಮಾಡಿದೆ. ಹೊಸ ದಾರದಲ್ಲಿ ಬಿಗಿದು ಕಟ್ಟಿದೆ. ಮುಗಿದಾಗ ಎಷ್ಟು ಚೆಂದ ಕಂಡಿತೆಂದರೆ — ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ನನಗೆ ಹೊಳೆಯಲೇ ಇಲ್ಲ.

ಪೆಟ್ಟಿಗೆಗೆ ಮೊಳೆ ಹೊಡೆದೇ ತಂದಿದ್ದೆ. ಮುನಿಸ್ವಾಮಣ್ಣ ಅದರ ಮೇಲೆ ಕೈಯಾಡಿಸಿ ಕೇಳಿದರು: "ಎಂಗಿತ್ತೋ ಅಂಗೇ ಐತೇನ್ಲಾ?"

"ಅದಕ್ಕಿಂತ ಚೆನ್ನಾಗೈತೆ ಅಣ್ಣ," ಎಂದೆ.

ರಾಬರ್ಟ್‌ಸನ್‌ಪೇಟೆಯ ಅಂಚೆ ಕಚೇರಿಗೆ ಇಬ್ಬರೂ ಹೋಗಿ ಕಳಿಸಿ ಬಂದೆವು.

ಎಷ್ಟೋ ತಿಂಗಳ ಮೇಲೆ ಇನ್ನೊಂದು ಕಾಗದ ಬಂತು. ನಿಮ್ಮ ಮನೆಗೆ ಇಂಗ್ಲಿಷ್ ಓದಿ ಹೇಳುವವನು ನಾನೊಬ್ಬನೇ. ಅವಳು ಬರೆದಿದ್ದಳು — ಕಡ್ಡಿಗಳೆಲ್ಲ ನೇರವಾಗಿವೆ, ಹೀಗೇಕೆ? ಅಲೆ ದ್ವೀಪಕ್ಕೆ ಬಡಿದು ಬಾಗುತ್ತದೆ, ಆ ಬಾಗನ್ನು ಕಡ್ಡಿಯಲ್ಲಿ ಕಲಿತು, ಆಮೇಲೆ ದೋಣಿಯಲ್ಲಿ ಅಂಗಾತ ಮಲಗಿ ಬೆನ್ನಿನಿಂದ ಗುರುತು ಹಿಡಿಯಬೇಕು, ಅದೇ ನಮ್ಮ ವಿದ್ಯೆ. ತಾತ ಕಟ್ಟುತ್ತಿದ್ದುದನ್ನು ನೋಡಿದ್ದ ನಮ್ಮ ಅಜ್ಜಿ ನೆನಪು ಮಾಡಿಕೊಂಡು ಹೆಚ್ಚಿನವನ್ನು ಮತ್ತೆ ಬಾಗಿಸಿದ್ದಾಳೆ. ಮೂರು ಕಡ್ಡಿಯ ಬಾಗು ಮಾತ್ರ ನೆನಪಿಗೆ ಬರುತ್ತಿಲ್ಲ. ನಿಮಗೆ ನೆನಪಿದೆಯೇ?

ಮನಸ್ಸಿನಲ್ಲೇ ಓದಿ ಮುಗಿಸಿದೆ. ತಲೆ ಎತ್ತಿದರೆ ಮುನಿಸ್ವಾಮಣ್ಣ ಕಿವಿಗೊಟ್ಟು ನಗುತ್ತಾ ಕುಳಿತಿದ್ದಾರೆ. ನಾನು ಹೇಳಿದೆ — ಕಾವಿಗೆ ಕಡ್ಡಿ ಕೆಟ್ಟಿವೆಯಂತೆ ಅಣ್ಣ, ಆದರೂ ಉಪಕಾರವಾಯಿತು ಅಂತ ಬರೆದಿದ್ದಾಳೆ. ಆ ಮೂರು ಕಡ್ಡಿಯ ಮಾತನ್ನು ನುಂಗಿಬಿಟ್ಟೆ. ಅದನ್ನು ಓದಿದ್ದರೆ ಯಾರು ನೆಟ್ಟಗೆ ಮಾಡಿದ್ದು ಎನ್ನುವ ಮಾತು ಬರುತ್ತಿತ್ತು. ಅಷ್ಟೇ ನನ್ನ ಭಯ.

ಅವರು ಖಾಲಿ ಗೋಡೆಯ ಕಡೆ ಮುಖ ತಿರುಗಿಸಿದರು. "ನಂಬಿ ಕೊಟ್ಟಿದ್ದ ಕಣ್ಲಾ," ಎಂದರು. "ಕಾಪಾಡ್ನಿಲ್ವಲ್ಲ ನಾನು."

ಆಮೇಲೆ ಅವರು ಆ ದ್ವೀಪದ ಮಾತನ್ನೇ ಎತ್ತಲಿಲ್ಲ. ನಾನು ವಾರಕ್ಕೊಮ್ಮೆ ಬಂದು ಕಾಫಿ ಕುಡಿದು ಹೋಗುತ್ತಿದ್ದೆ. ಎರಡು ವರ್ಷ — ಪ್ರತಿ ಸಲವೂ ಬಾಯಿ ತೆರೆಯುತ್ತಿದ್ದೆ, ಬೇರೆ ಏನೋ ಮಾತಾಡುತ್ತಿದ್ದೆ.

ಅವರು ಹೋದ ಹನ್ನೊಂದನೆಯ ದಿನ ನೀನು ಎಲೆಗೆ ಬಡಿಸುತ್ತಾ ಒಂದು ಮಾತು ಹೇಳಿದೆ. ನಿನಗೆ ನೆನಪಿರಲಿಕ್ಕಿಲ್ಲ. "ಕಡೇಕಡೇಗೆ ಅಪ್ಪ ಪೊರಕೆ ಕಡ್ಡಿ ಕಿತ್ಕಂಡು ಬಗ್ಗಿಸ್ತಾ ಕುಂತಿರ್ತಿತ್ತಣ್ಣ. ಇಂಗಿತ್ತು, ಇಂಗಿತ್ತು ಅಂತಿತ್ತು. ನಾನು ಬೈದು ಒಲೆಗಾಕ್ತಿದ್ದೆ."

ಕಣ್ಣು ಹೋದರೂ ಆ ಕೈಗೆ ಎಲ್ಲ ನೆನಪಿತ್ತು. ಕೇಳಬೇಕಾದವನು ನಾನು ಕೇಳಲಿಲ್ಲ. ಅವತ್ತೂ ಸುಮ್ಮನೆ ಉಂಡು, ಕೈ ತೊಳೆದು, ರೈಲು ಹಿಡಿದೆ.

ಹೋದ ವರ್ಷ ಧೈರ್ಯ ಮಾಡಿ ಆ ಹೆಣ್ಣುಮಗಳಿಗೆ ಎಲ್ಲವನ್ನೂ ಬರೆದೆ. ಉತ್ತರ ಮೊನ್ನೆ ಬಂತು. ಬೈದಿಲ್ಲ. ಈಗ ಅವಳ ಹತ್ತಿರ ಹನ್ನೆರಡು ಮಕ್ಕಳು ಕಲಿಯುತ್ತಿದ್ದಾರಂತೆ, ತಾವೇ ನಕ್ಷೆ ಕಟ್ಟುತ್ತಾರಂತೆ. ಆ ಮೂರು ಕಡ್ಡಿಯ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಗೊತ್ತಿಲ್ಲದ ಕಡೆ ನೆಟ್ಟನೆಯ ಕಡ್ಡಿ ಇಡುವುದಿಲ್ಲ, ದೋಣಿಯಲ್ಲಿ ಮಲಗಿ ಹುಡುಕುತ್ತೇವೆ ಎಂದು ಬರೆದಿದ್ದಾಳೆ. ನಮ್ಮ ವಿದ್ಯೆಯನ್ನು ಇಪ್ಪತ್ತು ವರ್ಷ ಗೋಡೆಯ ಮೇಲೆ ಜೋಪಾನ ಮಾಡಿದ ಆ ಮೇಸ್ತ್ರಿಯ ಹೆಸರನ್ನು ಮಕ್ಕಳು ಪಾಠಕ್ಕೆ ಮೊದಲು ಹೇಳುತ್ತಾರೆ ಎಂದೂ ಬರೆದಿದ್ದಾಳೆ. ಅದನ್ನು ಓದಿ ನನ್ನ ಎದೆ ತುಂಬಿ ಬಂತು, ರಾಜಮ್ಮ. ಮುನಿಸ್ವಾಮಿ ಅಂತ ಆ ಮಕ್ಕಳ ಬಾಯಲ್ಲಿ ಹೇಗೆ ಕೇಳಿಸುತ್ತದೋ! ಆದರೆ ಅದನ್ನು ಕೇಳಿ ಹಿಗ್ಗಬೇಕಾದವರಿಗೆ ನಾನು ಕೊಟ್ಟು ಕಳಿಸಿದ್ದು ಅವರು ಮಾಡದ ತಪ್ಪಿನ ಹೊರೆ.

ಭಾನುವಾರ ಬರುತ್ತೇನೆ. ಅಂಗಳದಲ್ಲಿ ನಿಂತೇ ಓದುತ್ತೇನೆ, ಒಳಗೆ ಕರೆಯಬೇಡ. ಮೂರು ಕಾಗದವನ್ನೂ ತರುತ್ತೇನೆ, ಒಂದು ಸಾಲನ್ನೂ ಬಿಡದೆ ಓದುತ್ತೇನೆ. ಆಮೇಲೆ ಕರೆಯುವುದೋ, ಬಾಗಿಲು ಹಾಕುವುದೋ, ನಿನಗೆ ಬಿಟ್ಟದ್ದು.