ಮುರಿದ ಸಕ್ಕರೆ ಗಿಣಿ

ಅಣ್ಣನನ್ನು ಬೆಳಿಗ್ಗೆ ನಡೆಸಬೇಕಿತ್ತು, ಸಿಹಿ ಕೊಡಬಾರದಿತ್ತು. ನನಗೆ ಒಪ್ಪಿಸಿದ್ದು ಎರಡೇ ಕೆಲಸ. ಎರಡನ್ನೂ ನಾನು ಮಾಡಲಿಲ್ಲ.

ಹೋದ ವರ್ಷದ ಚಳಿಗಾಲದಲ್ಲಿ ಅತ್ತಿಗೆ ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೊರಟಾಗ ಅಣ್ಣನನ್ನು ಭದ್ರಾವತಿಯಿಂದ ಕರೆತಂದು ವಿನೋಬನಗರದ ನಮ್ಮ ಮನೆಯಲ್ಲಿ ಬಿಟ್ಟರು. ಅಣ್ಣನಿಗೆ ಸಕ್ಕರೆ ಕಾಯಿಲೆ. ಪಾದ ಆಗಾಗ ಜೋಮು ಹಿಡಿಯುತ್ತದೆ ಎನ್ನುತ್ತಿದ್ದ.

"ಚಳಿ ಅಂತ ಮುದುರಿಕೊಂಡು ಮಲಗಿಬಿಡ್ತಾರೆ, ಬಿಡಬೇಡ. ದಿನಾ ಬೆಳಿಗ್ಗೆ ನಡೆಸು. ಸಕ್ಕರೆ ಡಬ್ಬಿ ಕೈಗೆ ಸಿಗೋ ಹಾಗೆ ಇಡಬೇಡ. ನಿನ್ನ ನಂಬಿ ಹೋಗ್ತಿದೀನಿ ಕಣೇ," ಅಂದರು ಅತ್ತಿಗೆ.

"ನೋಡು, ಹಸು ಕಟ್ಟಿ ಹೋಗೋ ಹಾಗೆ ಕಟ್ಟಿ ಹೋಗ್ತಿದಾಳೆ," ಎಂದು ಅಣ್ಣ ಆಟೋದಿಂದ ಚೀಲ ಇಳಿಸುತ್ತ ನಕ್ಕ.

ಮೊದಲ ಕೆಲವು ದಿನ ನಡೆದೆವು. ನೀರಿನ ಚಾನಲ್ಲಿನ ಏರಿಯ ಮೇಲೆ ಮಂಜು ಕೂತಿರುತ್ತಿತ್ತು. ಎದುರಿಗೆ ಬರುವವರು ಹತ್ತಿರಕ್ಕೆ ಬರುವವರೆಗೂ ಕಾಣುತ್ತಿರಲಿಲ್ಲ. ಅಣ್ಣ ಕಿವಿಗೆ ಮಫ್ಲರ್ ಸುತ್ತಿಕೊಂಡು ಮುಂದೆ, ನಾನು ಹಿಂದೆ. ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವನು ಅವನು. "ಬೆಂಕಿ ಮುಂದೆ ಬೆಂದ ಮೈ ಇದು, ಈ ಥಂಡಿ ಇದಕ್ಕಾಗಲ್ಲ," ಎಂದು ಗೊಣಗಿದರೆ ಅಷ್ಟೇ ಮಾತು. ಮನೆಗೆ ಬರುವವರೆಗೂ ಮತ್ತೆ ಬಾಯಿ ತೆರೆಯುತ್ತಿರಲಿಲ್ಲ.

ಒಂದು ದಿನ ಏರಿ ಹತ್ತುವ ಮೊದಲೇ ಟೀ ಅಂಗಡಿಯ ಮುಂದೆ ನಿಂತುಬಿಟ್ಟ. ನಾನು ಸಕ್ಕರೆ ಹಾಕಬೇಡಿ ಅಂದೆ.

"ಸಕ್ಕರೆ ಇಲ್ದಿದ್ರೆ ಅದು ಟೀ ಅಲ್ಲಮ್ಮ, ಕಷಾಯ," ಎಂದ ಅಂಗಡಿಯವನು. "ಬೆಲ್ಲದ್ದು ಮಾಡಿಕೊಡ್ಲಾ? ಬೆಲ್ಲ ಏನೂ ಮಾಡಲ್ಲ."

"ಕೇಳಿಸ್ತಾ?" ಎನ್ನುತ್ತ ಅಣ್ಣ ಬೆಂಚಿನ ಮೇಲೆ ಕೂತೇಬಿಟ್ಟ. "ಡಾಕ್ಟ್ರು ಇಲ್ಲೇ ಸಿಕ್ಕಿದ್ರು. ಫೀಸೂ ಕಮ್ಮಿ."

ಟೀ ಲೋಟ ಕೈಗೆ ಬಂದ ಮೇಲೆ ಅವನು ಮಾತಿಗಿಳಿದ. ಅಪ್ಪನ ಸೈಕಲ್ಲಿನ ವಿಷಯ, ನಾನು ಶಾಲೆ ಬಿಟ್ಟ ದಿನ ಸ್ಲೇಟನ್ನು ಬಾವಿಗೆ ಎಸೆದ ವಿಷಯ. ನನ್ನ ಮದುವೆಯಾದ ಮೇಲೆ ಅವನು ನನ್ನ ಜೊತೆ ಅಷ್ಟು ಹೊತ್ತು ಕೂತು ಮಾತಾಡಿದ್ದಿಲ್ಲ. ಮರುದಿನವೂ ಅಲ್ಲೇ ಕೂತೆವು. ಆಮೇಲೆ ಏರಿಯ ಕಡೆ ಹೋಗಲೇ ಇಲ್ಲ. ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ. ಬೆಲ್ಲವೂ ಕಬ್ಬಿನದೇ ಎಂದು ತಿಳಿಯಲು ಅಷ್ಟು ಓದು ಸಾಕು. ತಿಳಿದೇ ಇತ್ತು.

ಸಂಜೆ ಅತ್ತಿಗೆ ಫೋನ್ ಮಾಡುತ್ತಿದ್ದರು.

"ನಡೆದ್ರಾ?"

"ನಡೆದ್ವಿ ಅತ್ತಿಗೆ."

"ಸಕ್ಕರೆ?"

"ಮುಟ್ಟಿಸಿಲ್ಲ."

ಸಕ್ಕರೆ ಮುಟ್ಟಿಸಿರಲಿಲ್ಲ, ನಿಜ. ಆ ಒಂದು ಪದ ಹಿಡಿದುಕೊಂಡು ಕೆಲವು ದಿನ ಕಳೆದೆ.

ಸಂಕ್ರಾಂತಿ ಹತ್ತಿರವಾದರೆ ನಾನು ಸಕ್ಕರೆ ಅಚ್ಚು ಮಾಡುತ್ತೇನೆ. ಎಳ್ಳು ಬೀರುವುದಕ್ಕೆ ಬೇಕೆಂದು ಬೀದಿಯವರು ಮೊದಲೇ ಹೇಳಿಟ್ಟಿರುತ್ತಾರೆ. ಅಮ್ಮನ ಕಾಲದ ಮರದ ಅಚ್ಚುಗಳು. ನೀರಿನಲ್ಲಿ ನೆನೆಹಾಕಿ, ಜೋಡಿಸಿ ಕಟ್ಟಿ, ಪಾಕ ಹೊಯ್ದರೆ ಆನೆ, ಬಸವ, ಗಿಣಿ ಬೆಳ್ಳಗೆ ಎದ್ದು ಬರುತ್ತವೆ. ನಾವು ಚಿಕ್ಕವರಿದ್ದಾಗ ಇಡಿಯ ಅಚ್ಚನ್ನು ಮುಟ್ಟುವಂತಿರಲಿಲ್ಲ. ಅವು ಬೇರೆ ಮನೆಗಳಿಗೆ. ಮುರಿದದ್ದು ಮಾತ್ರ ಮಕ್ಕಳಿಗೆ. ಒಂದೂ ಮುರಿಯದೆ ನಾನು ಮುಖ ಊದಿಸಿಕೊಂಡು ಕೂತರೆ ಅಣ್ಣ ತಟ್ಟೆ ಎತ್ತಿಡುವ ನೆಪದಲ್ಲಿ ಒಂದು ಗಿಣಿಯನ್ನು ಬೀಳಿಸುತ್ತಿದ್ದ. ಏಟು ಅವನಿಗೆ, ಗಿಣಿ ನನಗೆ.

ಹೋದ ವರ್ಷ ನಾನು ಅಚ್ಚು ಬಿಡಿಸುವಾಗ ಅವನು ಪಕ್ಕದಲ್ಲಿ ಕೂತಿದ್ದ.

"ಎಷ್ಟು ಮುರಿದ್ವೇ?"

"ಒಂದೂ ಇಲ್ಲ."

"ಕೈ ಪಳಗಿಬಿಟ್ಟಿದೆ ನಿಂದು. ನಮ್ಮ ಗ್ರಹಚಾರ ಮಾರಾಯ್ತಿ."

ನಾನು ಒಂದು ಗಿಣಿಯ ಬಾಲದ ಮೇಲೆ ಹೆಬ್ಬೆರಳು ಒತ್ತಿದೆ. ಟಕ್ ಎಂದಿತು. "ಇದು ಮುರಿದಿದೆ ನೋಡು," ಎಂದು ಕೊಟ್ಟೆ. ಅವನು ಕಡಿಯಲಿಲ್ಲ. ಬಾಯಲ್ಲಿಟ್ಟುಕೊಂಡು ಕರಗಿಸಿದ. ಅಂದಿನಿಂದ ದಿನಾ ಏನಾದರೊಂದು ಮುರಿಯುತ್ತಿತ್ತು.

ಚಳಿ ಹೆಚ್ಚಿದ ಮೇಲೆ ಟೀ ಅಂಗಡಿಯವರೆಗೆ ಹೋಗುವುದೂ ನಿಂತಿತು. ಹಿತ್ತಲಲ್ಲಿ ನೀರು ಕಾಯಿಸುವ ಹಂಡೆ ಒಲೆಯ ಮುಂದೆ ಕೂತು ಅವನು ಕಾಲು ಕಾಯಿಸಿಕೊಳ್ಳುತ್ತಿದ್ದ. ಹಬ್ಬ ಕಳೆದು ಸ್ವಲ್ಪ ದಿನಕ್ಕೆ, ನಾನು ಅಡುಗೆಮನೆಯಲ್ಲಿದ್ದಾಗ ರಬ್ಬರ್ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಅವನ ಹವಾಯಿ ಚಪ್ಪಲಿಯ ತುದಿ ಕೆಂಡಕ್ಕೆ ತಾಗಿ ಕರಗುತ್ತಿತ್ತು. ಕಾಲು ಅದರಲ್ಲೇ ಇತ್ತು.

"ಅಣ್ಣಾ, ಕಾಲು!"

"ಯಾಕೇ, ಏನಾಯ್ತು?" ಎಂದ. ನನ್ನ ಮುಖ ನೋಡುತ್ತಿದ್ದ. ಕಾಲು ತೆಗೆದಿರಲಿಲ್ಲ.

ಸುಟ್ಟ ಗಾಯ ಮಾಯಲಿಲ್ಲ. ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದರು. ಅತ್ತಿಗೆ ಹಾಸನದಿಂದ ಬಂದು ಮಂಚದ ಪಕ್ಕ ನಿಂತು, "ದಿನಾ ಕೇಳ್ತಿದ್ನಲ್ಲೇ. ಮುಟ್ಟಿಸಿಲ್ಲ ಅಂತಿದ್ಯಲ್ಲ. ಸಕ್ಕರೆ ಇಷ್ಟು ಏರಿದ್ದು ಹೇಗೆ?" ಎಂದು ನನ್ನನ್ನು ಕೇಳಿದರು.

"ಅವಳನ್ನೇನು ಕೇಳ್ತೀಯ?" ಮಲಗಿದ್ದಲ್ಲಿಂದಲೇ ಅಣ್ಣ ಹೇಳಿದ. "ಅಚ್ಚಿನ ಡಬ್ಬಿಗೆ ನಾನೇ ಕೈ ಹಾಕ್ತಿದ್ದೆ. ಅವಳು ಒಳಗೆ ಹೋದಾಗ ಕದ್ದು ತಿಂದೆ. ಅವಳಿಗೆ ಗೊತ್ತಿಲ್ಲ."

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತಿದ್ದೆ. ಅದು ಬಿಗಿಯಾಗಿಯೇ ಇತ್ತು.

ಆಮೇಲೆ ಭದ್ರಾವತಿಗೆ ಹೋದಾಗಲೆಲ್ಲ ಅತ್ತಿಗೆ ಸಕ್ಕರೆ ಇಟ್ಟ ಕಪಾಟಿನ ಬೀಗ ತೆಗೆದು ನನಗೆ ಟೀ ಮಾಡಿಕೊಡುತ್ತಿದ್ದರು. "ಏನು ಮಾಡೋದು, ಕಳ್ಳ ಮನೆ ಒಳಗೇ ಇದಾನಲ್ಲ," ಎನ್ನುತ್ತಿದ್ದರು. ಮೊದಲು ಅದು ಸಿಟ್ಟಾಗಿತ್ತು, ಬರಬರುತ್ತ ತಮಾಷೆಯಾಯಿತು. ಬಂದವರೆದುರಿಗೆಲ್ಲ ಹೇಳುವ ತಮಾಷೆ. ಅಣ್ಣ ಗೋಡೆ ನೋಡಿ ನಗುತ್ತಿದ್ದ. ನಾನು ಟೀ ಕುಡಿದು ಬಸ್ಸು ಹತ್ತುತ್ತಿದ್ದೆ.

ಈ ವರ್ಷ ಅಚ್ಚು ಮಾಡಲಿಲ್ಲ. ಮರದ ಅಚ್ಚುಗಳು ಅಟ್ಟದ ಮೇಲೇ ಇದ್ದವು. ಸಂಕ್ರಾಂತಿಯ ದಿನ ಬೆಳಿಗ್ಗೆಯೇ ಭದ್ರಾವತಿಗೆ ಹೊರಟೆ. ಮಲವಗೊಪ್ಪ ದಾಟಿದರೂ ಮಂಜು ಹರಿದಿರಲಿಲ್ಲ. ಬಸ್ಸಿನ ಕಿಟಕಿ ಮುಚ್ಚಿಕೊಂಡು ಕೂತಿದ್ದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ.

ನಾನು ಹೋದಾಗ ಅವರಿಬ್ಬರೂ ನಡೆಯಲು ಹೊರಟಿದ್ದರು. ಅತ್ತಿಗೆ ಅಣ್ಣನ ಬೂಟಿನೊಳಗೆ ಕೈ ಹಾಕಿ ಕಲ್ಲು ಗಿಲ್ಲು ಇದೆಯೇ ಎಂದು ತಡವಿ ನೋಡಿ, ಆಮೇಲೆ ಅವನಿಗೆ ಕೊಟ್ಟರು.

"ಬಿಸಿಲು ಬರ್ಲಿ ಅಂತ ಕಾಯ್ತಿದ್ವಿ. ನೀನೂ ಬಾ," ಎಂದರು.

ಕಾಲೊನಿಯ ರಸ್ತೆಯಲ್ಲಿ ಅರ್ಧ ಬಿಸಿಲು, ಅರ್ಧ ನೆರಳು. ಅಣ್ಣ ಬಿಸಿಲಿದ್ದ ಕಡೆಯೇ ಹೆಜ್ಜೆ ಇಡುತ್ತಿದ್ದ, ಒಂದು ಪಕ್ಕಕ್ಕೆ ವಾಲಿಕೊಂಡು. ತಿರುವಿನ ಮನೆಯ ಹೆಂಗಸು ಗೇಟಿನ ಹತ್ತಿರ ತಟ್ಟೆ ಹಿಡಿದು ನಿಂತಿದ್ದರು.

"ತಗೊಳ್ಳಿ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ."

ಎಳ್ಳಿನ ಮೇಲೆ ಒಂದು ಇಡಿಯ ಗಿಣಿ ಇತ್ತು. ಅತ್ತಿಗೆ ತಟ್ಟೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಇವರ ಕೈಗೆ ಮಾತ್ರ ಕೊಡಬೇಡ್ರಿ. ಹೋದ ವರ್ಷ ತಂಗಿ ಮನೇಲಿ ಅಚ್ಚು ಕದ್ದು ತಿಂದು ಎರಡು ಬೆರಳು ಕಳ್ಕೊಂಡ್ರು ಕಳ್ಳ."

ಆ ಹೆಂಗಸು ನಕ್ಕರು. ಅಣ್ಣನೂ ರಸ್ತೆ ನೋಡುತ್ತ ನಕ್ಕ.

"ಅತ್ತಿಗೆ," ಅಂದೆ. "ಅವನು ಕದ್ದಿಲ್ಲ."

"ಏ, ಸುಮ್ನೆ ನಡಿಯೇ," ಎಂದ ಅಣ್ಣ.

"ಅವನು ಕದ್ದಿಲ್ಲ ಅತ್ತಿಗೆ. ನಾನೇ ಮುರಿದು ಮುರಿದು ಕೊಟ್ಟೆ. ಬೆಲ್ಲದ ಟೀನೂ ಕುಡಿಸಿದೆ. ದಿನಾ ನಡೆದ್ವಿ ಅಂದಿದ್ದು ಸುಳ್ಳು. ತಪ್ಪಾಯ್ತು ಅತ್ತಿಗೆ. ಅಣ್ಣಾ, ತಪ್ಪಾಯ್ತು ಕಣೋ."