ಚಿಮ್ನಿಯೂ ಕಾಣುವ ಲೆನ್ಸ್

ಹಕ್ಕಿಗಳ ಫೋಟೊ ತೆಗೆಯಲು ನಾನು ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ. ನನ್ನ ಬಳಿ ಇದ್ದದ್ದು ಎಪ್ಪತ್ತರಿಂದ ಮುನ್ನೂರು ಮಿಲಿಮೀಟರ್‌ವರೆಗಿನ ಜೂಮ್ ಲೆನ್ಸ್. ನಮ್ಮ ಗುಂಪಿನಲ್ಲಿ ಅದಕ್ಕೆ ಮರ್ಯಾದೆ ಇರಲಿಲ್ಲ. ಗುಂಪಿನ ಹಿರಿಯರು ಉಡುಪಿ ಕಡೆಯವರು, ಮುಂಬೈಯ ಮುಲುಂಡ್‌ನಲ್ಲಿ ಹೋಟೆಲ್ ನಡೆಸುವವರು. ಒಳ್ಳೆಯ ಮನುಷ್ಯ. ಆದರೆ ಲೆನ್ಸಿನ ವಿಷಯಕ್ಕೆ ಬಂದರೆ ಬಹಳ ಕಟ್ಟುನಿಟ್ಟು.

"ಆರುನೂರಕ್ಕಿಂತ ಕಮ್ಮಿ ತಂದ್ರೆ ಎಂತ ಸಿಗ್ತದೆ ಅಕ್ಕ? ಚುಕ್ಕೆ ಸಿಗ್ತದೆ, ಅಷ್ಟೆ."

ಒಂದು ಚಳಿಗಾಲದ ಬೆಳಿಗ್ಗೆ ಸೆವ್ರಿಯ ಜೆಟ್ಟಿಯಲ್ಲಿ ಅವರೇ ತಮ್ಮ ಆರುನೂರರ ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿಕೊಟ್ಟರು. ಕೆಸರಿನಲ್ಲಿ ನಿಂತಿದ್ದ ಫ್ಲೆಮಿಂಗೊ ಒಂದರ ಹಳದಿ ಕಣ್ಣು, ಕೊಕ್ಕಿನಿಂದ ಇಳಿಯುತ್ತಿದ್ದ ನೀರು ಎಲ್ಲವೂ ಕಂಡವು. ಸುಂದರವಾಗಿತ್ತು, ಸುಳ್ಳು ಹೇಳಲಾರೆ. ಆದರೆ ತೆಗೆದ ಫೋಟೊ ನೋಡಿದರೆ ಹಕ್ಕಿಯ ಹಿಂದೆ ಬರೀ ಬೂದು ಬಣ್ಣ. ಅದು ಯಾವ ಊರು ಎಂದು ಯಾರೂ ಹೇಳುವಂತಿರಲಿಲ್ಲ.

ಲೆನ್ಸ್ ಹಿಂದಿರುಗಿಸಿ ನನ್ನದನ್ನೇ ಹಾಕಿ ನೂರಕ್ಕೆ ತಿರುಗಿಸಿದೆ. ಕೆಸರಿನುದ್ದಕ್ಕೂ ಗುಲಾಬಿ ಬಣ್ಣದ ಹಕ್ಕಿಗಳ ಸಾಲು. ಅದರ ಹಿಂದೆ, ಒಳನುಗ್ಗಿದ ಸಮುದ್ರದ ಖಾಡಿಯ ಆಚೆ, ರಿಫೈನರಿಯ ಚಿಮ್ನಿಗಳು. ಅಪ್ಪ ಧಾರವಾಡದಿಂದ ಬಂದು ನಿವೃತ್ತಿಯವರೆಗೆ ಪಾಳಿಯಲ್ಲಿ ದುಡಿದದ್ದು ಆ ಚಿಮ್ನಿಗಳ ಬುಡದಲ್ಲಿ. ಗಾಳಿ ತಿರುಗಿದಾಗಲೆಲ್ಲ ಕಿಟಕಿ ಮುಚ್ಚಿಕೊಂಡು ನಾನು ಚೆಂಬೂರಿನಲ್ಲಿ ಬೆಳೆದದ್ದು ಅವುಗಳ ಹೊಗೆಯಲ್ಲಿ.

"ಅಕ್ಕ, ಫ್ರೇಮಲ್ಲಿ ಚಿಮ್ನಿ ಬರ್ತಾ ಉಂಟು."

"ಬರ್ಲಿ ಬಿಡ್ರಿ. ಅದಕ್ಕ ತಗ್ಯಾಕತ್ತೇನಿ."

ಗುಂಪಿನ ಪ್ರದರ್ಶನಕ್ಕೆ ಆ ಫೋಟೊವನ್ನೇ ಕಳಿಸಿದೆ. ವಾರದೊಳಗೆ ಅವರ ಫೋನ್ ಬಂತು.

"ಜಡ್ಜ್‌ಗಳಿಗೆ ಹಿಡಿಸ್ಲಿಲ್ಲ ಅಕ್ಕ. ಆವತ್ತಿನ ಕ್ಲೋಸಪ್ ಕೊಡಿ, ಖಂಡಿತ ಆಗ್ತದೆ. ಇಲ್ದಿದ್ರೆ ಇದನ್ನೇ ಮೇಲಿಂದ ಕ್ರಾಪ್ ಮಾಡಿ ಚಿಮ್ನಿ ತೆಗೆಯುವ."

"ಕ್ರಾಪ್ ಮಾಡಂಗಿಲ್ರಿ."

"ಹಠ ಎಂತಕ್ಕೆ? ಇದು ಹಕ್ಕಿಗಳ ಎಕ್ಸಿಬಿಷನ್ ಅಲ್ವಾ?"

"ಹಕ್ಕಿ ಎಲ್ಲಿ ನಿಂತೈತಿ ಅನ್ನೂದೂ ಹಕ್ಕಿ ಸುದ್ದೀನ ಅಲ್ಲೇನ್ರಿ?"

ಅವರು "ನಿಮ್ಮಿಷ್ಟ" ಎಂದು ಫೋನ್ ಇಟ್ಟರು. ಪ್ರದರ್ಶನದಲ್ಲಿ ನನ್ನ ಒಂದು ಫೋಟೊವೂ ಇರಲಿಲ್ಲ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಎಲೆಮರೆಯ ಪುಟ್ಟ ಹಕ್ಕಿಗೆ ಉದ್ದ ಲೆನ್ಸೇ ಬೇಕು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಹಕ್ಕಿಗಳು ಬಂದಿಳಿದದ್ದು ನನ್ನ ಊರಿಗೆ. ಊರನ್ನು ಅಳಿಸಿ ಹಕ್ಕಿಯನ್ನು ಮಾತ್ರ ಉಳಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಆ ಫೋಟೊಗೆ ಕಟ್ಟು ಹಾಕಿಸಿ ನಮ್ಮ ಬಿಲ್ಡಿಂಗಿನ ಲಿಫ್ಟ್ ಪಕ್ಕ ತೂಗುಹಾಕಿದೆ. ಯಾರನ್ನೂ ಕೇಳಲಿಲ್ಲ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಚಿಮ್ನಿ ನೋಡಿದರೆ ಫ್ಲ್ಯಾಟ್ ಕೊಳ್ಳಲು ಬರುವವರು ಏನೆಂದುಕೊಂಡಾರು ಎಂದು ತೆಗೆಸಿದರು. ಮರುದಿನ ನಾನೇ ಸ್ಟೂಲ್ ಹತ್ತಿ ಮತ್ತೆ ಹಾಕಿದೆ. ಕೆಳಗೆ ನಿಂತು ಸ್ಟೂಲ್ ಹಿಡಿದುಕೊಂಡಿದ್ದ ಅಪ್ಪ ಕತ್ತೆತ್ತಿ ನೋಡಿದರು.

"ಇಂಥಾ ಹೊಲಸನ್ಯಾಗೂ ಬಂದಾವಲ್ಲವ್ವ ಇವು."

"ನೀನೂ ಬಂದಿ ಅಲ್ಲಪ್ಪ" ಎಂದೆ.

ಅಪ್ಪ ನಕ್ಕರು. ಮೊಳೆ ಸಡಿಲವಿದೆ, ಇನ್ನೊಂದು ಏಟು ಹಾಕು ಎಂದರು.